ಬಲೆ ಎಳೆಯುವಾಗ ಕಪ್ಪು ಹೊಗೆ, ಬೆಳಿಗ್ಗೆ ಬಿಳಿ ಹೊಗೆ: ಇಂಜಿನ್ ಬಿಚ್ಚಲೇಬೇಕೇ?

ಪ್ರಶ್ನೆ (ಗಂಗೊಳ್ಳಿಯ ಬೋಟ್ ಮಾಲೀಕ):
ಅಣ್ಣಾ, ನನ್ನದು ಟ್ರಾಲ್ ಬೋಟ್. ಆರು ಸಿಲಿಂಡರಿನ ಡೀಸೆಲ್ ಇಂಜಿನ್, ಟರ್ಬೊ ಇಲ್ಲ, ಹದಿನೆಂಟು ವರ್ಷ ದುಡಿದಿದೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಕಡಲಿಗೆ ಇಳಿದಾಗಿನಿಂದ ಬಲೆ ಎಳೆಯುವಾಗ ದಟ್ಟ ಕಪ್ಪು ಹೊಗೆ ಬರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಾಲು ಗಂಟೆ ಬಿಳಿ ಹೊಗೆ. ಮೊದಲು 1800 ಆರ್‌ಪಿಎಂ ಮುಟ್ಟುತ್ತಿದ್ದ ಇಂಜಿನ್ ಈಗ 1550 ದಾಟುವುದಿಲ್ಲ. ಪಿಸ್ಟನ್ ರಿಂಗ್, ಸಿಲಿಂಡರ್ ಲೈನರ್ ಎಲ್ಲ ಬದಲಿಸಬೇಕೆಂದು ದಕ್ಕೆಯ ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಈಗಲೇ ಬೋಟ್ ಕಟ್ಟಿಹಾಕಿದರೆ ಸಾಲದ ಕಂತು ಕಟ್ಟುವುದು ಹೇಗೆ?

ಉತ್ತರ (ಮಲ್ಪೆಯ ಡೀಸೆಲ್ ಮೆಕ್ಯಾನಿಕ್):
ಸದ್ಯ ಒಂದು ಬೋಲ್ಟನ್ನೂ ಬಿಚ್ಚಬೇಡಿ. ರಿಂಗ್ ಸವೆದಿದ್ದರೆ ಆಯಿಲ್ ಉರಿದು ಹೊಗೆ ನೀಲಿಯಾಗುತ್ತದೆ, ಬ್ರೀದರ್‌ನಿಂದಲೂ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಹೊಗೆ ಉಗುಳುತ್ತದೆ. ಮೊದಲು ಇಷ್ಟು ಹೇಳಿ: ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುತ್ತಿದೆಯೇ? ಇಂಜಿನ್ ತಂಪು ಮಾಡುವ ಟ್ಯಾಂಕಿನ ಸಿಹಿನೀರು ಕಡಿಮೆಯಾಗುತ್ತಿದೆಯೇ? ಬಿಳಿ ಹೊಗೆಗೆ ಕಣ್ಣು ಉರಿಯುತ್ತದೆಯೇ? ರಜೆಯಲ್ಲಿ ಪ್ರೊಪೆಲ್ಲರ್ ಮುಟ್ಟಿದ್ದೀರಾ?

ಮಾಲೀಕ:
ನೀರು ಇಳಿದಿಲ್ಲ. ಬ್ರೀದರ್‌ನಲ್ಲಿ ಹೊಗೆ ಇಲ್ಲ. ಆಯಿಲ್ ಇಳಿಯುವುದಿರಲಿ, ಗುರುತಿಗಿಂತ ತುಸು ಮೇಲೆಯೇ ಇದೆ. ಹೊಗೆ ದಕ್ಕೆಯ ಮೇಲೆಯೇ ನಿಲ್ಲುತ್ತದೆ, ಕಣ್ಣು ಉರಿಯುತ್ತದೆ, ಡೀಸೆಲ್ ವಾಸನೆ. ಹಳೆಯ ಪ್ರೊಪೆಲ್ಲರಿನ ರೆಕ್ಕೆ ಮುರಿದಿತ್ತು. ಎಳೆತ ಹೆಚ್ಚಲಿ ಎಂದು ಎರಡು ಇಂಚು ಹೆಚ್ಚು ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳುವ ದೂರ) ಇರುವ ಸೆಕೆಂಡ್ ಹ್ಯಾಂಡ್ ಹಾಕಿಸಿದೆ.

ಉತ್ತರ:
ಮಾರಾಯರೇ, ಆ ಎರಡು ಇಂಚೇ ನಿಮ್ಮ ಕಪ್ಪು ಹೊಗೆ. ಹೊರೆ ಮೀರಿದಾಗ ಇಂಜಿನ್ ತನ್ನ ವೇಗಕ್ಕೆ ಏರಲಾರದು. ಪಂಪ್ ಮಾತ್ರ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಅಷ್ಟನ್ನು ಉರಿಸಲು ಗಾಳಿ ಸಾಲದೆ ಮಸಿಯಾಗುತ್ತದೆ. ಬಲೆ ಇಲ್ಲದೆ ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. ಆಗಲೂ 1800 ಮುಟ್ಟದಿದ್ದರೆ ಹಳೆಯ ಅಳತೆಯ ಪ್ರೊಪೆಲ್ಲರ್‌ಗೆ ಮರಳಿ. ಅದಕ್ಕೂ ಮೊದಲು ಬೋಟಿನ ತಳಕ್ಕೆ ಚಿಪ್ಪು ಕಚ್ಚಿದೆಯೇ ನೋಡಿಸಿ, ಏರ್ ಫಿಲ್ಟರ್ ತೆಗೆದು ನೋಡಿ. ಮಳೆಗೆಂದು ಇಂಜಿನ್ ಕೋಣೆಗೆ ಟಾರ್ಪಾಲು ಬಿಗಿದಿದ್ದರೆ ಬಿಚ್ಚಿ ಓಡಿಸಿ. ಹೊಗೆ ತೆಳುವಾದರೆ ಗಾಳಿಯ ಕೊರತೆಯೂ ಸೇರಿದೆ ಎಂದರ್ಥ.

ಬಿಳಿ ಹೊಗೆ ಬೇರೆಯೇ ಕಾಯಿಲೆ, ಅದು ಉರಿಯದ ಡೀಸೆಲ್. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಯಾವುದೋ ಇಂಜೆಕ್ಟರ್ ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕುತ್ತಿರಬೇಕು. ಇಂಜಿನ್ ಐಡಲ್‌ನಲ್ಲಿರುವಾಗ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ಬಟ್ಟೆ ಸುತ್ತಿ ಸಡಿಲಿಸಬೇಕು. ಎಲ್ಲಿ ಸಡಿಲಿಸಿದರೂ ಇಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅನುಭವ ಇದ್ದವರಿಂದಲೇ ಮಾಡಿಸಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬಹುದು. ನಂತರ ನಾಝಲ್‌ಗಳನ್ನು (ಇಂಜೆಕ್ಟರಿನ ತುದಿ) ಬೆಂಚಿನ ಮೇಲೆ ಪರೀಕ್ಷಿಸಿ. ನಾಝಲ್ ಸರಿಯಿದ್ದರೆ ಮಾತ್ರ ಆ ಸಿಲಿಂಡರಿನ ಕಂಪ್ರೆಷನ್ (ಗಾಳಿ ಒತ್ತುವ ಬಲ) ನೋಡಿ. ರಿಂಗಿನ ಮಾತು ಬರುವುದು ಅದಾದ ಮೇಲೆ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಏರಿರುವ ಆಯಿಲ್. ನೀವೇ ಹೆಚ್ಚು ಸುರಿದಿಲ್ಲವಾದರೆ ಡೀಸೆಲ್ ಕೆಳಗಿಳಿದು ಬೆರೆತಿದೆ. ಮೂಸಿ ನೋಡಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಸುಡುತ್ತದೆ. ನಾಝಲ್ ಸರಿಪಡಿಸಿದ ದಿನವೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಅಲ್ಲಿಯವರೆಗೆ ಇಂಜಿನ್ ದುಡಿಸಬೇಡಿ; ಮೇಲೆ ಹೇಳಿದ ಪೂರ್ತಿ ಥ್ರಾಟಲ್ ಪರೀಕ್ಷೆಯೂ ಅದಾದ ಮೇಲೆಯೇ.

ಭಟ್ಕಳದ ಇನ್ನೊಬ್ಬ ಬೋಟಿನವರು:
ನಮ್ಮ ಬೋಟಿನಲ್ಲೂ ಬಿಳಿ ಹೊಗೆ. ಆದರೆ ಡೀಸೆಲ್ ವಾಸನೆ ಇಲ್ಲ, ದಿನಕ್ಕೆ ಎರಡು ಲೀಟರ್ ನೀರು ತುಂಬಬೇಕಾಗಿದೆ. ನಾಳೆ ನಸುಕಿಗೆ ಹೊರಡುವವರಿದ್ದೇವೆ.

ಉತ್ತರ:
ಹೊರಡಬೇಡಿ. ನಿಮ್ಮದು ಹೊಗೆಯಲ್ಲ, ಹಬೆ. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು. ರಾತ್ರಿ ಸಿಲಿಂಡರಿನೊಳಗೆ ನೀರು ಇಳಿದಿದ್ದರೆ ಬೆಳಿಗ್ಗೆ ಸ್ಟಾರ್ಟರ್ ತಿರುಗಿಸಿದ ಕ್ಷಣವೇ ಕನೆಕ್ಟಿಂಗ್ ರಾಡ್ ಬಾಗಬಹುದು, ಏಕೆಂದರೆ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡುವುದೇ ಬೇಡ. ಇಂಜೆಕ್ಟರ್‌ಗಳನ್ನು ತೆಗೆದು ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಯಾವ ತೂತಿನಿಂದ ನೀರು ಬಂತೆಂದು ಇಲ್ಲಿ ಬರೆಯಿರಿ.