ಅಪ್‌ಡೇಟ್: ಕಿಡ್ನಿಗಾಗಿ ಕಾಯುವ ದಿನಗಳಲ್ಲಿ ಸಿಕ್ಕ ಭಜನೆಯ ಬಳಗ

ದಾನವಾಗಿ ಬಂದ ಅಂಗಾಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ, ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ಕಿಡ್ನಿಗಾಗಿ ಕಾಯುವಾಗ ಮನಸ್ಸನ್ನು ಗಟ್ಟಿಯಾಗಿಟ್ಟುಕೊಳ್ಳುವುದು ಹೇಗೆಂದು ಹದಿನೈದು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ. ಒಬ್ಬರೇ ಕುಳಿತು ಧ್ಯಾನ ಮಾಡಿರೆಂಬ ಸಲಹೆ ನನಗೆ ಒಗ್ಗಲಿಲ್ಲ. ಕಣ್ಣು ಮುಚ್ಚಿದರೆ ಭಯವೇ ಹೆಚ್ಚುತ್ತಿತ್ತು. ಗುರುವಾರ ರಾಯರ ಮಠದ ಭಜನೆಗೆ ಹೋಗಿರೆಂದು ಇಲ್ಲಿ ಉತ್ತರಿಸಿದ ಅಕ್ಕನೊಬ್ಬರ ಮಾತು ಫಲಿಸಿತು. ಎಳನೀರು, ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂ ನನಗೆ ಅಪಾಯಕಾರಿಯೆಂದು ತಿಳಿದ ಮೇಲೆ ಅಲ್ಲಿನ ಹಿರಿಯರು ಪಂಚಾಮೃತದ ಬದಲು ಮಂತ್ರಾಕ್ಷತೆಯನ್ನಷ್ಟೇ ಕೈಗಿಡುತ್ತಾರೆ. ಮೊದಲ ದಿನ ಆ ಕಾಳಜಿ ಕಂಡು ನನ್ನ ಕಣ್ಣು ತುಂಬಿ ಬಂದಿತು. ನಿರೀಕ್ಷಿಸದ ಸಂಗತಿಯೊಂದನ್ನೂ ಅವರಿಂದಲೇ ತಿಳಿದೆ: ಪತ್ನಿಯ ರಕ್ತದ ಗುಂಪು ನನಗೆ ಹೊಂದದಿದ್ದರೂ, 2011ರಲ್ಲಿ ತಿದ್ದುಪಡಿಯಾದ ಅಂಗಾಂಗ ಕಸಿ ಕಾಯ್ದೆಯಂತೆ, ಇಂಥದೇ ಸ್ಥಿತಿಯಲ್ಲಿರುವ ಮತ್ತೊಂದು ಕುಟುಂಬದೊಡನೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅವಕಾಶವಿದೆ. ಕಿಡ್ನಿ ಇನ್ನೂ ಸಿಕ್ಕಿಲ್ಲ. ಮುಂದಿನ ವಾರ ನಾವಿಬ್ಬರೂ ಕಸಿ ಸಂಯೋಜಕರನ್ನು ಭೇಟಿಯಾಗುತ್ತಿದ್ದೇವೆ.