ಚಳಿಗೆ ಹಳದಿಯಾದ ಲಾನಿಗೆ ಯೂರಿಯಾ ಹಾಕಬಹುದಾ?

ಪ್ರಶ್ನೆ (ಚಿಕ್ಕಮಗಳೂರು): ನಮಸ್ತೆ ಸರ್. ಮನೆ ಮುಂದೆ 500 ಚದರಡಿ ಮೆಕ್ಸಿಕನ್ ಹುಲ್ಲಿನ ಲಾನ್ ಇದೆ. ಡಿಸೆಂಬರ್ ಬಂತೆಂದರೆ ಹಳದಿಯಾಗಿ ಬೆಳವಣಿಗೆ ನಿಂತುಬಿಡುತ್ತದೆ. ಕೆನಡಾದಲ್ಲಿರುವ ಮಗಳು, ಅಲ್ಲಿ ಚಳಿಗೆ ಮುಂಚೆಯೇ ಗೊಬ್ಬರ ಕೊಡುತ್ತಾರೆ, ನೀನೂ ಕೊಡಮ್ಮ ಅನ್ನುತ್ತಾಳೆ. ತೋಟಕ್ಕೆ ತಂದ ಯೂರಿಯಾ ಉಳಿದಿದೆ. ಈಗ ಎರಚಲಾ?

ಉತ್ತರ: ಈಗ ಬೇಡ ಮೇಡಂ. ಮಗಳು ಹೇಳಿದ್ದು ಅವರ ಊರಿಗೆ ಸರಿ. ಅಲ್ಲಿಯದು ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ ಥರದ ತಂಪಿನ ಹುಲ್ಲು. 15ರಿಂದ 24 ಡಿಗ್ರಿ ಇದ್ದರೆ ಚೆನ್ನಾಗಿ ಬೆಳೆಯುತ್ತದೆ. ಸೆಪ್ಟೆಂಬರಿನಲ್ಲಿ ಗೊಬ್ಬರ ಸಿಕ್ಕರೆ ಹಿಮ ಬೀಳುವ ಮೊದಲು ಬೇರು ಗಟ್ಟಿಯಾಗುತ್ತದೆ, ಹಿಮ ಕರಗಿದ ಮೇಲೆ ಬೇಗ ಹಸಿರಾಗುತ್ತದೆ.

ನಿಮ್ಮದು ಸೆಕೆಯ ಹುಲ್ಲು. ಅದಕ್ಕೆ 27ರಿಂದ 35 ಡಿಗ್ರಿ ಬೇಕು. ಚಳಿಯಲ್ಲಿ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ. ಮಲಗಿದ ಹುಲ್ಲು ಗೊಬ್ಬರವನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಮೇಲಾಗಿ ಇಬ್ಬನಿಗೆ ಒದ್ದೆಯಾದ ಎಲೆ ಮೇಲೆ ಯೂರಿಯಾ ಕಾಳು ಕೂತರೆ ಸುಟ್ಟ ಮಚ್ಚೆ ಗ್ಯಾರಂಟಿ.

ಕಾಫಿಗೆ ಹೂಮಳೆ (ಬೇಸಿಗೆ ಶುರುವಿನಲ್ಲಿ ಕಾಫಿ ಹೂ ಅರಳಿಸುವ ಮಳೆ) ಆಗಿ, ಹುಲ್ಲಿನಲ್ಲಿ ಹೊಸ ಚಿಗುರು ಕಂಡ ಮೇಲೆ ಕೊಡಿ. ನಿಮ್ಮ ಜಾಗಕ್ಕೆ ಕಾಲು ಕೆಜಿ ಸಾಕು. ಯೂರಿಯಾದಲ್ಲಿ ಶೇ. 46 ಸಾರಜನಕ ಇದೆ, ತೋಟದಲ್ಲಿ ಎರಚಿದ ಹಾಗೆ ಕೈತುಂಬಾ ಎರಚಬೇಡಿ! ಒಣ ಮರಳಿನ ಜೊತೆ ಬೆರೆಸಿ, ಎಲೆ ಒಣಗಿರುವಾಗ ಚೆಲ್ಲಿ, ತಕ್ಷಣ ನೀರು ಹಾಯಿಸಿ. ಜೂನ್, ಜುಲೈನಲ್ಲಿ ಬೇಡವೇ ಬೇಡ, ನಮ್ಮ ಮಳೆಗೆ ಅದು ಚರಂಡಿ ಸೇರುತ್ತದೆ. ಮಳೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಅಷ್ಟೇ ಕೊಡಿ. ಜೊತೆಗೆ ಸ್ವಲ್ಪ ಪೊಟ್ಯಾಷ್ ಸೇರಿಸಿದರೆ ಚಳಿ ತಡೆಯುತ್ತದೆ.

ಪ್ರಶ್ನೆ (ಅವರೇ): ಹಾಗಾದರೆ ಈಗ ಏನೂ ಮಾಡುವುದು ಬೇಡವಾ?

ಉತ್ತರ: ಜಾಸ್ತಿ ಏನಿಲ್ಲ. ಬುಡಕ್ಕೆ ಕತ್ತರಿಸಬೇಡಿ, ಒಂದೂವರೆ ಇಂಚು ಬಿಡಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ದಿನಾ ನೀರು ಬೇಡ, ಮಣ್ಣು ಒಣಗಿದಾಗ ಬೆಳಗ್ಗೆ ಹೊತ್ತು ಕೊಡಿ. ಸಂಜೆ ಕೊಟ್ಟರೆ ರಾತ್ರಿಯೆಲ್ಲ ಒದ್ದೆ ಇದ್ದು ಬೂಷ್ಟು ಬರುತ್ತದೆ.

ಪ್ರಶ್ನೆ (ಸಕಲೇಶಪುರ): ನಮ್ಮಲ್ಲಿ ಹುಲ್ಲಿಗಿಂತ ಪಾಚಿಯೇ ಜಾಸ್ತಿ ಸರ್. ಸುಣ್ಣ ಹಾಕಿ ಅಂತಾರೆ ಎಲ್ಲರೂ.

ಉತ್ತರ: ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನಿಮಗೆ ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಮಳೆ ಜಾಸ್ತಿ ಇರುವ ಕಡೆ ಮಣ್ಣು ಹುಳಿಯಾಗಿರುವುದು ಸಹಜ. ಹುಳಿ ಇದ್ದರೆ ಮಾತ್ರ ಸುಣ್ಣ. ಅದನ್ನು ಯೂರಿಯಾ ಜೊತೆ ಒಂದೇ ದಿನ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರ ಇರಲಿ.

ಆದರೆ ಪಾಚಿಗೆ ಸುಣ್ಣವೊಂದೇ ಮದ್ದಲ್ಲ. ನೆರಳು ಇದೆಯಾ? ನೀರು ನಿಲ್ಲುತ್ತದಾ? ಇದ್ದರೆ ಕೊಂಬೆ ಸವರಿ, ಕಬ್ಬಿಣದ ಫೋರ್ಕಿನಿಂದ ಅಲ್ಲಲ್ಲಿ ಮೂರು ಇಂಚು ಚುಚ್ಚಿ, ತೂತಿಗೆ ಮರಳು ತುಂಬಿ. ಬಿಸಿಲೇ ಬೀಳದ ಜಾಗ ಆದರೆ ಮೆಕ್ಸಿಕನ್ ಹುಲ್ಲು ಬಿಟ್ಟುಬಿಡಿ, ನರ್ಸರಿಯಲ್ಲಿ ನೆರಳು ತಡೆಯುವ ಅಗಲ ಎಲೆಯ ಕಾರ್ಪೆಟ್ ಹುಲ್ಲು ಕೇಳಿ.