ಅಮ್ಮನ ಫೋನು ರಾತ್ರೋರಾತ್ರಿ ಬದಲಾಗಿದೆ, ತಡೆಯೋಕೆ ಆಗಲ್ವಾ?

ಹಳೇಗುಂಡಿ ಕೇಳಿದ್ದು:

ಅಮ್ಮನಿಗೆ 71 ವರ್ಷ. ಅವಳು ಫೋನ್ ಕಲಿತಿದ್ದು ಅಕ್ಷರ ಓದಿ ಅಲ್ಲ, ಜಾಗ ನೋಡಿ. ಕೆಳಗೆ ಎಡಗಡೆ ಒತ್ತಿದರೆ ಕರೆ, ಅದರ ಪಕ್ಕ ಫೋಟೋ. ಬದಿಯ ಬಟನ್ ಒತ್ತಿ ಹಿಡಿದರೆ ಆಫ್. ಮಲಗುವ ಮುಂಚೆ ಫೋನ್ ಆಫ್ ಮಾಡುವುದು ಅವಳ ಅಭ್ಯಾಸ, ದೀಪ ಆರಿಸಿದ ಹಾಗೆ.

ಹೋದ ವಾರ ಅದು ತಾನಾಗಿಯೇ ಅಪ್‌ಡೇಟ್ ಆಗಿದೆ. ಈಗ ಬಟನ್ ಒತ್ತಿ ಹಿಡಿದರೆ ಯಾವುದೋ ಅಸಿಸ್ಟೆಂಟ್ ಎದ್ದು ಕೂತು, ಏನು ಸಹಾಯ ಬೇಕು ಅನ್ನುತ್ತದೆ. ಅಮ್ಮ ಮೂರು ರಾತ್ರಿ ಅದಕ್ಕೆ "ಏನೂ ಬೇಡಪ್ಪ, ನೀನು ಆಫ್ ಆಗು" ಅಂತ ಹೇಳಿದ್ದಾಳೆ. ನಾಲ್ಕನೇ ದಿನ ನನಗೆ ಕರೆ ಮಾಡಿ, "ನಾನೇ ಏನೋ ಒತ್ತಿ ಹಾಳು ಮಾಡಿದೀನಿ ಕಣೋ" ಅಂದಳು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಅವಳು ಏನೂ ಒತ್ತಿರಲಿಲ್ಲ.

ಆ ಬಟನ್ ಮೊದಲಿನ ಹಾಗೆ ಮಾಡುವುದು ಹೇಗೆ? ಇನ್ನು ಮುಂದೆ ನಮ್ಮನ್ನು ಕೇಳದೆ ಏನೂ ಬದಲಾಗಬಾರದು, ಅದಕ್ಕೆ ದಾರಿ ಇದೆಯಾ?

ಸ್ಕ್ರೂಡ್ರೈವರ್:

ಯಾವ ಫೋನ್ ಅಂತ ಹೇಳಿಲ್ಲ ನೀವು. ಗೂಗಲ್‌ನ ಪಿಕ್ಸೆಲ್ ಆದರೆ ಸೆಟ್ಟಿಂಗ್ಸ್, ಸಿಸ್ಟಂ, ಗೆಸ್ಚರ್ಸ್ ಒಳಗೆ ಪವರ್ ಬಟನ್ ಒತ್ತಿ ಹಿಡಿದರೆ ಏನಾಗಬೇಕು ಅನ್ನುವುದು ಇದೆ. ಸ್ಯಾಮ್‌ಸಂಗ್ ಆದರೆ ಅಡ್ವಾನ್ಸ್‌ಡ್ ಫೀಚರ್ಸ್ ಒಳಗೆ ಸೈಡ್ ಬಟನ್ ಅಂತ ಹುಡುಕಿ. ಬೇರೆ ಕಂಪನಿಯದ್ದಾದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ "ಪವರ್ ಬಟನ್" ಅಂತ ಹಾಕಿ ನೋಡಿ.

ಎರಡನೇ ಪ್ರಶ್ನೆಗೆ: ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಹೌದು, ಏಳು ಸಲ, ಮಂತ್ರದ ಹಾಗೆ. ಡೆವಲಪರ್ ಆಪ್ಶನ್ಸ್ ಅನ್ನುವ ಬಚ್ಚಿಟ್ಟ ಸೆಟ್ಟಿಂಗ್ಸ್ ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ಆಟೋಮ್ಯಾಟಿಕ್ ಸಿಸ್ಟಂ ಅಪ್‌ಡೇಟ್ಸ್ ಆಫ್ ಮಾಡಿ. ಬೇರೇನೂ ಮುಟ್ಟಬೇಡಿ.

ಇರಲಿ_ಬಿಡಿ:

ಪೂರ್ತಿ ಆಫ್ ಮಾಡಿ ಮರೆತುಬಿಡಬೇಡಿ. 2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ದೋಷ ಸಿಕ್ಕಿತ್ತು. ಕಳ್ಳರು ಫೋನಿನೊಳಗೆ ನುಗ್ಗಲು ಒಂದು ಎಂಎಂಎಸ್, ಅಂದ್ರೆ ವಿಡಿಯೋ ಇರುವ ಮೆಸೇಜ್, ಬಂದರೆ ಸಾಕಿತ್ತು, ತೆರೆಯುವುದೂ ಬೇಕಿರಲಿಲ್ಲ. ಗೂಗಲ್ ತಿಂಗಳು ತಿಂಗಳು ಭದ್ರತಾ ಅಪ್‌ಡೇಟ್ ಕೊಡಲು ಶುರು ಮಾಡಿದ್ದು ಅದರ ಬೆನ್ನಿಗೇ. ತೊಂದರೆ ಏನಂದ್ರೆ ತೂತು ಮುಚ್ಚುವ ಕೆಲಸ, ಬಟನ್ ಬದಲಿಸುವ ಕೆಲಸ ಎರಡೂ ಒಂದೇ ಮೂಟೆಯಲ್ಲಿ ಬರುತ್ತವೆ. ಔಷಧಿ ಬೇಕಂದ್ರೆ ಮನೆಯ ಬಾಗಿಲನ್ನೂ ಬೇರೆ ಕಡೆ ಇಡುತ್ತೇವೆ ಅಂದ ಹಾಗೆ. ನೀವು ಅಮ್ಮನ ಹತ್ತಿರ ಹೋದಾಗ ಕೈಯಾರೆ ಅಪ್‌ಡೇಟ್ ಮಾಡಿ, ಏನು ಬದಲಾಗಿದೆ ನೋಡಿ, ಸರಿಮಾಡಿ ಕೊಟ್ಟು ಬನ್ನಿ.

ಪುಟಮಡಿಸಿದವ:

ನಿಮ್ಮ ತಾಯಿಯ ವಿಷಯ ಓದಿ ಒಂದು ಹಳೇ ಸುದ್ದಿ ನೆನಪಾಯ್ತು. 2009ರ ಜುಲೈನಲ್ಲಿ ಅಮೆಜಾನ್ ಜನರ ಕಿಂಡಲ್‌ಗಳ (ಇ-ಪುಸ್ತಕ ಓದುವ ಸಾಧನ) ಒಳಗಿಂದಲೇ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ಅಳಿಸಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ದುಡ್ಡು ವಾಪಸ್ ಕೊಟ್ಟರು, ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಒಬ್ಬ ಹೈಸ್ಕೂಲ್ ಹುಡುಗ ಆ ಪುಸ್ತಕಕ್ಕೆ ಟಿಪ್ಪಣಿ ಬರೆದುಕೊಂಡಿದ್ದ. ಟಿಪ್ಪಣಿ ಉಳಿಯಿತು, ಅದು ಯಾವ ಸಾಲಿನ ಬಗ್ಗೆ ಅಂತ ತೋರಿಸುವ ಪುಸ್ತಕ ಇಲ್ಲ. ಅವನು ಕೋರ್ಟಿಗೆ ಹೋದ. ನಿಮ್ಮ ತಾಯಿಯ ಬೆರಳಿಗೂ ಆಗಿದ್ದು ಅದೇ ಅಲ್ವಾ.

ಹಳೇಗುಂಡಿ:

ಅಮ್ಮ ಕೋರ್ಟಿಗೆ ಹೋಗಲ್ಲ, ನನ್ನನ್ನೇ ಕರೆಸ್ತಾಳೆ.

ಭಾನುವಾರ ಹೋಗಿದ್ದೆ. ಬಟನ್ ಸರಿಯಾಯ್ತು. ಏಳು ಸಲ ಒತ್ತುವುದನ್ನು ಅಮ್ಮನ ಕೈಯಲ್ಲೇ ಮಾಡಿಸಿದೆ, ಐದಕ್ಕೆ ನಿಲ್ಲಿಸಿ ಮತ್ತೆ ಮೊದಲಿಂದ ಎಣಿಸಿದಳು. ಇರಲಿ_ಬಿಡಿ ಅವರು ಹೇಳಿದ ಹಾಗೆ ಅಪ್‌ಡೇಟ್ ಇನ್ನು ನಾನು ಹೋದಾಗ ಮಾತ್ರ. ಹಾಳು ಮಾಡಿದ್ದು ನೀನಲ್ಲ ಅಂತ ನಾಲ್ಕು ಸಲ ಹೇಳಿದೆ, ನಂಬಿದಳೋ ಇಲ್ಲವೋ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಸುಮ್ನೆ ಕರೆ ಮಾಡಿ ನೋಡಿದೆ. ಸ್ವಿಚ್ ಆಫ್ ಬಂತು.